ಮೌನವು ಸಮ್ಮತಿಯೇ?

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ನೀವೆಲ್ಲರೂ ಕೇಳಿದ್ದೀರಿ. ಮದುವೆಯ ಮಾತುಕತೆಯಲ್ಲಿ ಈ ಮಾತು ಬಳಕೆಯಾಗುವಷ್ಟು ಧಾರಾಳವಾಗಿ ಬೇರೆಲ್ಲಿಯೂ ಬಳಕೆಯಾಗುವುದಿಲ್ಲ. ಹಿರಿಯರು ಹುಡುಗಿಯನ್ನು ಒಂದು ಮಾತು ಕೇಳುತ್ತಾರೆ. ಅವಳು ತಲೆ ತಗ್ಗಿಸುತ್ತಾಳೆ. ಕೂಡಲೇ ತಾಂಬೂಲ ಬದಲಾಗುತ್ತದೆ. ತಗ್ಗಿದ ತಲೆಯಲ್ಲಿ ನಾಚಿಕೆಯಿತ್ತೋ, ಭಯವಿತ್ತೋ, ಯಾರೂ ಬಗ್ಗಿ ನೋಡುವುದಿಲ್ಲ. ಮದುವೆಯ ಜೊತೆಗೆ ಮತವನ್ನೂ ಬದಲಾಯಿಸಬೇಕಾಗಿ ಬಂದ ಹುಡುಗಿಯರ ವಿಷಯದಲ್ಲಿ ಈ ಮೌನದ ಬೆಲೆ ಎಷ್ಟು ಎಂಬುದನ್ನು ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ನಾನು ಕನ್ನಡ ಪಂಡಿತ. ಆದುದರಿಂದ ಮೊದಲು ಶಬ್ದದ ವಿಚಾರ. ‘ಮತ’ ಎಂಬುದಕ್ಕೆ ನಮ್ಮ ಭಾಷೆಯಲ್ಲಿ ಮೂರು ಅರ್ಥಗಳುಂಟು: ಅಭಿಪ್ರಾಯ, ಧರ್ಮಪಂಥ, ಚುನಾವಣೆಯ ಓಟು. ಮತ, ಮತಿ, ಸಮ್ಮತಿ, ಈ ಮೂರೂ ‘ಮನ್’ ಎಂಬ ಒಂದೇ ಧಾತುವಿನ ಮಕ್ಕಳು. ಅದರ ಅರ್ಥ ಯೋಚಿಸುವುದು, ಬಗೆಯುವುದು. ಅಂದ ಮೇಲೆ, ತಾನೇ ಬಗೆದು ನೋಡಿದ್ದು ಮಾತ್ರ ಮತ. ಬಗೆದು ಒಪ್ಪಿದ್ದು ಮಾತ್ರ ಸಮ್ಮತಿ. ಯೋಚಿಸುವ ವಯಸ್ಸೂ ಅವಕಾಶವೂ ಇಲ್ಲದವಳ ಮತವನ್ನು ಇನ್ನೊಬ್ಬರು ಬದಲಾಯಿಸಿದರೆ ಅದನ್ನು ಮತಾಂತರವೆಂದು ಕರೆಯುವುದು ಶಬ್ದಕ್ಕೇ ಮಾಡುವ ಅಪಚಾರ.

ನಮ್ಮ ಧರ್ಮಶಾಸ್ತ್ರಕಾರರು ಎಂಟು ಬಗೆಯ ವಿವಾಹಗಳನ್ನು ಎಣಿಸಿದರು. ಕೂಗಿ ಅಳುತ್ತಿರುವ ಕನ್ಯೆಯನ್ನು ಮನೆಯಿಂದ ಬಲಾತ್ಕಾರವಾಗಿ ಒಯ್ಯುವುದು ರಾಕ್ಷಸ. ಬಂಧುಗಳಿಗೆ ಹಣ ಕೊಟ್ಟು ತರುವುದು ಆಸುರ. ಪರಸ್ಪರ ಒಲಿದು ಕೂಡುವುದು ಗಾಂಧರ್ವ. ಅಳುವ ಹುಡುಗಿಗೆ ಅಲ್ಲಿ ಒಂದು ಹೆಸರಿದೆ, ಒಲಿದ ಹುಡುಗಿಗೆ ಒಂದು ಹೆಸರಿದೆ. ಬಾಗಿಲ ಹಿಂದೆ ಸುಮ್ಮನೆ ನಿಂತ ಹುಡುಗಿಗೆ ಮಾತ್ರ ಬೇರೆ ಹೆಸರಿಲ್ಲ.

ಅಂಥ ಒಬ್ಬಳನ್ನು ನಾನು ಬಲ್ಲೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿಯೇ ನನ್ನ ಉಪಾಧ್ಯಾಯ ವೃತ್ತಿ ಕಳೆದಿದೆ. ಹದಿನೈದು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಹಾಜರಿ ಪುಸ್ತಕದಲ್ಲಿ ಒಂದು ವಾರ ಸೊನ್ನೆ ಬಿದ್ದ ಮೇಲೆ ನಾನು ಅವರ ಊರಿಗೆ ಹೋದೆ. ಆ ಊರಿನಲ್ಲಿ ಅವರ ಮತದವರದು ಅದೊಂದೇ ಮನೆ. ತಂದೆ ಹೊಗೆಸೊಪ್ಪಿನ ಬೇಸಾಯಕ್ಕೆ ಸಾಲ ಮಾಡಿದ್ದ; ಆ ವರ್ಷ ಬೆಲೆ ಬಿದ್ದಿತ್ತು. ಸಾಲ ಕೊಟ್ಟವರ ಕಡೆಯ ಹುಡುಗನಿಗೆ ಮಗಳನ್ನು ಕೊಡುವುದೆಂದೂ, ಮದುವೆಗೆ ಮೊದಲು ಅವಳು ಅವರ ಮತಕ್ಕೆ ಸೇರಿ ಹೆಸರು ಬದಲಾಯಿಸಿಕೊಳ್ಳಬೇಕೆಂದೂ ಮಾತಾಗಿತ್ತು. “ಅವಳೂ ಒಪ್ಪವ್ಳೆ ಮೇಷ್ಟ್ರೇ, ಬೇಕಾದ್ರೆ ನೋಡಿ” ಎಂದ ತಂದೆ. ನಾನು ನೋಡಿದೆ. ಅವಳು ಬಾಗಿಲ ಹಿಂದೆ ನೆಲ ನೋಡುತ್ತ ನಿಂತಿದ್ದಳು. ನಾನು ಕಾಫಿ ಕುಡಿದು ಹಿಂದಿರುಗಿದೆ.

ಯಾವ ಮತದಿಂದ ಯಾವ ಮತಕ್ಕೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಆ ಕಡೆಯೋ ಈ ಕಡೆಯೋ ಪಕ್ಷ ಹಿಡಿಯುತ್ತೀರಿ, ಹುಡುಗಿಯನ್ನು ಮರೆಯುತ್ತೀರಿ. ಈ ವಿಷಯದಲ್ಲಿ ಯಾವಾಗಲೂ ಆಗುವ ಅನ್ಯಾಯ ಅದೇ.

ಬಲವಂತಕ್ಕೆ ತನ್ನದೇ ಆದ ಮತವಿಲ್ಲ ಎಂಬುದನ್ನು ನಮ್ಮ ಸೀಮೆಯ ಚರಿತ್ರೆಯೇ ತೋರಿಸುತ್ತದೆ. ಮಂಗಳೂರಿನ ಒಪ್ಪಂದವಾದ 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದನು. ಸೆರೆಯಾದವರ ಸಂಖ್ಯೆಯ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಆದರೆ ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತುದು, ಗಂಡಸರನ್ನು ಬಲವಂತವಾಗಿ ಮತಕ್ಕೆ ಸೇರಿಸಿದುದು, ಹೆಣ್ಣುಮಕ್ಕಳನ್ನು ಪರರ ಮನೆಗಳಿಗೆ ಸೇರಿಸಿದುದು ಆ ಸಮುದಾಯದ ನೆನಪಿನಲ್ಲಿ ಇಂದಿಗೂ ಆರದ ಗಾಯ. ಇದೇ ಅರಸನು 1791ರಲ್ಲಿ ಮರಾಠರ ದಾಳಿಗೆ ಸಿಕ್ಕಿದ ಶೃಂಗೇರಿ ಮಠಕ್ಕೆ ನೆರವಿತ್ತವನು. ಒಂದು ಮಾತು ಇನ್ನೊಂದನ್ನು ಅಳಿಸುವುದಿಲ್ಲ, ಎರಡೂ ನಿಜ. 1799ರ ಬಳಿಕ ಆಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸುವ ಕೆಲಸ ಕೈಕೊಂಡನು. ಗಂಡಸು ಹಿಂದಿರುಗಬಹುದಾಗಿತ್ತು. ಪರರ ಮನೆಯಲ್ಲಿ ಮಕ್ಕಳ ತಾಯಿಯಾಗಿದ್ದವಳು ಹಿಂದಿರುಗುವುದು ಎಲ್ಲಿಗೆ?

ಅದೇ ಕಾಲದಲ್ಲಿ ನಮ್ಮ ಪಿರಿಯಾಪಟ್ಟಣದ ಕೋಟೆಯೂ ಒಂದು ಸೆರೆಮನೆಯಾಗಿತ್ತು. ಕೊಡಗಿನ ಹಾಲೇರಿ ಅರಸುಮನೆತನದ ವೀರರಾಜೇಂದ್ರನೂ ಅವನ ತಮ್ಮಂದಿರೂ ಅಲ್ಲಿ ಸೆರೆಯಲ್ಲಿದ್ದು, 1788ರಲ್ಲಿ ತಪ್ಪಿಸಿಕೊಂಡು ತಮ್ಮ ನಾಡಿಗೆ ಓಡಿದರು. ಆ ತಮ್ಮಂದಿರಲ್ಲಿ ಲಿಂಗರಾಜ ಒಬ್ಬ. ಅವನ ಮೊಮ್ಮಗಳು ಗೌರಮ್ಮನ ಕಥೆಯನ್ನು ನೀವು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಏಕೆಂದರೆ ಅದರಲ್ಲಿ ಕತ್ತಿಯಿಲ್ಲ, ಕೂಗಾಟವಿಲ್ಲ, ಇರುವುದೆಲ್ಲ ಉಪಚಾರವೇ.

1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಅವನನ್ನು ಕೊನೆಗೆ ಕಾಶಿಯಲ್ಲಿಟ್ಟರು. ಗೌರಮ್ಮ ಹುಟ್ಟಿದ್ದು ಅಲ್ಲಿಯೇ, 1841ರಲ್ಲಿ. ಕಂಪನಿಯ ವಶದಲ್ಲಿದ್ದ ತನ್ನ ಹಣವನ್ನು ವ್ಯಾಜ್ಯ ಹೂಡಿ ಪಡೆಯಬೇಕೆಂಬುದು ತಂದೆಯ ಹಂಬಲ. ಮಗಳನ್ನು ಕ್ರೈಸ್ತಳಾಗಿ ಬೆಳೆಸಲು ಒಪ್ಪಿ, 1852ರಲ್ಲಿ ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಕೈಯಿಂದ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ವೀರಶೈವ ಮನೆತನದ ಹುಡುಗಿ ಹನ್ನೊಂದನೆಯ ವಯಸ್ಸಿಗೆ ವಿಕ್ಟೋರಿಯಾ ಗೌರಮ್ಮಳಾದಳು.

ಬಳಿಕ ಅವಳು ಬೆಳೆದದ್ದು ಆಂಗ್ಲ ಪೋಷಕರ ಮನೆಗಳಲ್ಲಿ. ಹೆತ್ತ ತಂದೆ ಅದೇ ದೇಶದಲ್ಲಿದ್ದರೂ ಅವನ ಭೇಟಿಗೆ ಮಿತಿಯಿತ್ತು. ಪಂಜಾಬಿನ ರಾಜ್ಯ ಕಳೆದುಕೊಂಡು, 1853ರಲ್ಲಿ ಬಾಲಕನಾಗಿರುವಾಗಲೇ ಕ್ರೈಸ್ತನಾಗಿದ್ದ ದಲೀಪ್ ಸಿಂಗನಿಗೆ ಅವಳನ್ನು ಕೊಡಬೇಕೆಂದು ರಾಣಿ ಆಶಿಸಿದಳು, ಅವನು ಒಲ್ಲೆನೆಂದನು. 1859ರಲ್ಲಿ ತಂದೆ ಲಂಡನ್ನಿನಲ್ಲಿ ತೀರಿಕೊಂಡನು. 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನೊಡನೆ ಅವಳ ಮದುವೆಯಾಯಿತು. ಅವನು ಅವಳಿಗಿಂತ ಸುಮಾರು ಮೂವತ್ತು ವರ್ಷ ಹಿರಿಯ. ಒಂದು ಹೆಣ್ಣುಮಗುವಾಯಿತು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಗೌರಮ್ಮ ಕಣ್ಣುಮುಚ್ಚಿದಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ.

ಇಲ್ಲಿ ಯಾರು ಬಲವಂತ ಮಾಡಿದರು? ರಾಣಿಗೆ ಅವಳ ಮೇಲೆ ಮಮತೆಯಿತ್ತು. ತಂದೆಯ ಒಪ್ಪಿಗೆಯಿತ್ತು. ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಆದರೂ ಹನ್ನೊಂದು ವರ್ಷದ ಮಗುವಿಗೆ, ತನ್ನ ಭಾಷೆ ತಿಳಿಯದ ಊರಿನಲ್ಲಿ, ಚಕ್ರವರ್ತಿನಿಯ ಎದುರಿನಲ್ಲಿ ‘ಬೇಡ’ ಎನ್ನುವುದಕ್ಕೆ ಎಡೆಯಿತ್ತೇ? ಎಡೆಯಿಲ್ಲದ ಕಡೆ ಕತ್ತಿಯ ಅಗತ್ಯವೂ ಇರುವುದಿಲ್ಲ. ಬಲವಂತವೆಂದರೆ ಕೈಹಿಡಿದು ಎಳೆಯುವುದೊಂದೇ ಅಲ್ಲ. ‘ಬೇಡ’ ಎಂದರೆ ಮುಂದೇನು ಎಂಬ ಪ್ರಶ್ನೆಗೆ ಉತ್ತರವಿಲ್ಲದಂತೆ ಮಾಡುವುದೂ ಬಲವಂತವೇ.

ಇದು ಹಳೆಯ ಕಾಲದ ಮಾತೆನ್ನಬೇಡಿ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ, ಉಮರ್‌ಕೋಟ್, ಥರ್‌ಪಾರ್ಕರ್, ಘೋಟ್ಕಿ ಮುಂತಾದ ಜಿಲ್ಲೆಗಳ ಹಿಂದೂ ಕುಟುಂಬಗಳು ಈ ಸಂಕಟವನ್ನು ಇಂದಿಗೂ ಅನುಭವಿಸುತ್ತಿವೆ. ಅವರಲ್ಲಿ ಬಹುಮಂದಿ ಮೇಘವಾರ, ಕೋಲ್ಹಿ, ಭಿಲ್ ಜನರು. ಜಮೀನ್ದಾರರ ಹೊಲಗಳಲ್ಲಿ ಸಾಲದ ಮೇಲೆ ದುಡಿಯುವವರು. ಹುಡುಗಿ ಕಾಣೆಯಾಗುತ್ತಾಳೆ. ಕೆಲವೇ ದಿನಗಳಲ್ಲಿ ಮತಾಂತರದ ಪತ್ರವೂ ನಿಕಾಹಿನ ಪತ್ರವೂ ಹೊರಬರುತ್ತವೆ. ನ್ಯಾಯಾಲಯದಲ್ಲಿ ಅವಳು ‘ನಾನಾಗಿಯೇ ಬಂದೆ’ ಎನ್ನುತ್ತಾಳೆ. ಅಲ್ಲಿಯವರೆಗೆ ಅವಳಿದ್ದುದು ಅವಳನ್ನು ಒಯ್ದವರ ವಶದಲ್ಲಿ. ಅವಳ ವಯಸ್ಸನ್ನು ತೋರಿಸಲು ಬಡ ತಂದೆತಾಯಿಗಳ ಬಳಿ ಜನನಪತ್ರವಿರುವುದಿಲ್ಲ. 2014ರಲ್ಲಿ ಸಿಂಧ್ ಪ್ರಾಂತ್ಯವು ಮದುವೆಯ ವಯಸ್ಸನ್ನು ಹದಿನೆಂಟಕ್ಕೆ ಏರಿಸಿ ಕಾನೂನು ಮಾಡಿತು. ಬಲವಂತದ ಮತಾಂತರವನ್ನು ತಡೆಯುವ ಮಸೂದೆಯನ್ನು 2016ರಲ್ಲಿ ಅಲ್ಲಿನ ಶಾಸನಸಭೆ ಅಂಗೀಕರಿಸಿತಾದರೂ ರಾಜ್ಯಪಾಲರ ಅಂಕಿತ ಬೀಳಲಿಲ್ಲ. 2021ರಲ್ಲಿ ಆ ದೇಶದ ಸಂಸತ್ತಿನ ಸಮಿತಿಯೊಂದು ಇಂಥದೇ ಇನ್ನೊಂದು ಮಸೂದೆಯನ್ನು ತಳ್ಳಿಹಾಕಿತು. ಆ ಮಸೂದೆಗಳಲ್ಲಿ ಕೇಳಿದ್ದು ಬಹುಮಟ್ಟಿಗೆ ಎರಡೇ: ಹದಿನೆಂಟು ತುಂಬಿರಲಿ, ಯೋಚಿಸಲು ಕೆಲವು ದಿನ ಸಿಗಲಿ.

ಇನ್ನು ನಮ್ಮ ಮನೆಯ ಕಡೆ ತಿರುಗೋಣ. ನಮ್ಮ ರಾಜ್ಯದಲ್ಲಿ ಹದಿನೆಂಟಕ್ಕೆ ಮೊದಲು ಹುಡುಗಿಯ ಮದುವೆ ಮಾಡಿದರೆ ಅದು ಮದುವೆಯೇ ಅಲ್ಲ. 2006ರ ಕೇಂದ್ರ ಕಾನೂನಿಗೆ ಕರ್ನಾಟಕ ತಂದ 2016ರ ತಿದ್ದುಪಡಿ ಅಂಥ ಮದುವೆಯನ್ನು ಮೂಲದಲ್ಲಿಯೇ ಅಸಿಂಧುವೆಂದು ಸಾರಿದೆ. ಬೇರೆ ಬೇರೆ ಮತದವರು ಒಲಿದು ಮದುವೆಯಾಗುವುದಾದರೆ 1954ರ ವಿಶೇಷ ವಿವಾಹ ಕಾಯಿದೆಯುಂಟು. ಅದರಂತೆ ಇಬ್ಬರಲ್ಲಿ ಒಬ್ಬರೂ ತಮ್ಮ ಮತವನ್ನು ಬಿಡಬೇಕಾಗಿಲ್ಲ. ಪ್ರಾಪ್ತವಯಸ್ಕಳು ತಾನೇ ಬಗೆದು ಮತವನ್ನೋ ಗಂಡನನ್ನೋ ಆರಿಸಿಕೊಂಡರೆ ಅದು ಅವಳ ಹಕ್ಕು ಎಂದು 2018ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಆ ತೀರ್ಪು ಹೆತ್ತವರಿಗೆ ಕಹಿಯಾಗಬಹುದು. ಆದರೆ ‘ಬೇಡ’ ಎನ್ನುವ ಹಕ್ಕು ಮಗಳಿಗಿರಬೇಕು ಎನ್ನುವವರು ‘ಬೇಕು’ ಎನ್ನುವ ಹಕ್ಕನ್ನೂ ಅವಳಿಗೆ ಬಿಡಬೇಕು. ಹೊರಗಿನವರು ಬಾಯಿ ಮುಚ್ಚಿಸಿದರೆ ಅನ್ಯಾಯ, ಮನೆಯವರು ಮುಚ್ಚಿಸಿದರೆ ಸಂಪ್ರದಾಯ ಎಂಬ ನ್ಯಾಯ ಎಲ್ಲಿಯದು?

ಹಾಗಾದರೆ ನಿಜವಾದ ಸಮ್ಮತಿಯನ್ನು ಗುರುತಿಸುವುದು ಹೇಗೆ? ನನಗೆ ಮೂರು ಗುರುತುಗಳು ತೋರುತ್ತವೆ. ಮೊದಲನೆಯದು ವಯಸ್ಸು, ಅದು ಬಾಯಿಮಾತಿನಲ್ಲಿರದೆ ಜನನಪತ್ರದಲ್ಲಿಯೋ ಶಾಲೆಯ ದಾಖಲೆಯಲ್ಲಿಯೋ ಇರಬೇಕು. ಎರಡನೆಯದು ಏಕಾಂತ, ಕೊಡುವವರೂ ಪಡೆಯುವವರೂ ಇಲ್ಲದ ಕಡೆ ಅವಳನ್ನು ಕೇಳಬೇಕು. ಮೂರನೆಯದು ಹಿಂದಿರುಗುವ ದಾರಿ. ‘ಇವಳು ಕುಲ ಕೆಡಿಸಿದಳು, ಇನ್ನು ಹೊಸಿಲು ತುಳಿಯಕೂಡದು’ ಎನ್ನುವ ಮನೆ ತನ್ನ ಮಗಳನ್ನು ತಾನೇ ಸೆರೆಯವರ ಕೈಗೆ ಒಪ್ಪಿಸಿದಂತೆ. ಕಾನೂನು ಮೊದಲನೆಯದನ್ನು ನೋಡಿಕೊಳ್ಳಬಹುದು, ಎರಡನೆಯದನ್ನು ಅಷ್ಟಿಷ್ಟು ಮಾಡಿಸಬಹುದು. ಮೂರನೆಯದು ನಿಮ್ಮ ನಮ್ಮ ಮನೆಬಾಗಿಲಿನ ಮಾತು.

ಆ ಹುಡುಗಿಯನ್ನು ನಾನು ಮತ್ತೆ ಕಂಡದ್ದು ಕೆಲವು ವರ್ಷಗಳ ಮೇಲೆ, ಹುಣಸೂರಿನ ಬಸ್ ನಿಲ್ದಾಣದಲ್ಲಿ. ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಆಸ್ಪತ್ರೆಯ ಚೀಟಿ. ನಾನು ಹಾಜರಿ ಪುಸ್ತಕದ ಹೆಸರು ಹಿಡಿದು ಕರೆದೆ, ತಟ್ಟನೆ ತಿರುಗಿದಳು. “ಚೆನ್ನಾಗಿದೀನಿ ಸಾರ್” ಎಂದಳು. ಬಸ್ಸು ಬಂತು. ಹತ್ತುವಾಗ ಮಾತ್ರ, ಕೋಪವಿಲ್ಲದೆ, ಹೇಳಿದಳು: “ಅವತ್ತು ನೀವು ನನ್ನನ್ನೇ ಒಂದು ಮಾತು ಕೇಳ್ತೀರೇನೋ ಅಂತ ಕಾಯ್ತಿದ್ದೆ ಸಾರ್.”

ಅಂದು ಕಾನೂನಿತ್ತು, 1098 ಎಂಬ ಮಕ್ಕಳ ಸಹಾಯವಾಣಿಯೂ ಇತ್ತು. ಇಲ್ಲದೆ ಹೋದದ್ದು ಒಂದು ಪ್ರಶ್ನೆ. ಮೂವತ್ತು ವರ್ಷ ತರಗತಿಯಲ್ಲಿ ಪ್ರಶ್ನೆ ಕೇಳುತ್ತಲೇ ಬಂದ ನಾನು ಅಂದು ಕೇಳಲಿಲ್ಲ. ಈಗ ಯಾವ ಹುಡುಗಿಯ ಹಾಜರಿ ನಿಂತರೂ ನಮ್ಮ ಶಾಲೆಯ ಅಧ್ಯಾಪಿಕೆಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ತಂದೆಯೊಡನೆ ನಾನು ಜಗಲಿಯ ಮೇಲೆ ಕುಳಿತಿರುತ್ತೇನೆ. ಅವರು ಹುಡುಗಿಯೊಡನೆ ಹಿತ್ತಲಿಗೆ ಹೋಗಿ ಮಾತನಾಡಿಸಿ ಬರುತ್ತಾರೆ. ಅವರು ಬರುವವರೆಗೂ ನಾನು ಕಾಫಿ ಮುಟ್ಟುವುದಿಲ್ಲ.

ನಿಮ್ಮ ಊರಿನಲ್ಲಿಯೂ ಅಂಥ ಒಂದು ಒಂಟಿ ಮನೆಯಿರಬಹುದು. ಆ ಮನೆಯ ಹುಡುಗಿ ಸುಮ್ಮನಿದ್ದಾಳೆಂದರೆ ಒಪ್ಪಿದ್ದಾಳೆಂದು ತಿಳಿಯಬೇಡಿ. ಯಾರಾದರೂ ಕೇಳಲೆಂದು ಕಾದಿರಬಹುದು. ಹೋಗಿ ಕೇಳಿ.