ಹರಪನಹಳ್ಳಿಯ ಜಿಲ್ಲೆ ಬದಲಿಸಿದವರು ಯಾರು?



ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಏಳು-ಎಂಟನೇ ತರಗತಿಯ ಮಕ್ಕಳು ಈ ಮೂರು ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಆದರೆ ಹರಪನಹಳ್ಳಿಯನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದ್ದು ಇವುಗಳಲ್ಲಿ ಯಾವುದು ಎಂದು ಕೇಳಿ ನೋಡಿ, ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ತಪ್ಪು ಮಕ್ಕಳದಲ್ಲ. ಪಾಠದಲ್ಲಿ ವಿಧಾನಸೌಧವೂ ಹೈಕೋರ್ಟೂ ಇರುತ್ತವೆ, ಅವರ ಊರು ಇರುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಚರಿತ್ರೆಯನ್ನೇ ಹಿಡಿದು ಈ ಪಾಠವನ್ನು ಹೇಳಿಕೊಡಬಹುದು. ಹಾಗೆಯೇ ಹೇಳಿಕೊಡಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದ. ಕಂದಾಯ ವಸೂಲಿ ಮಾಡುವವನೇ ನ್ಯಾಯವನ್ನೂ ಹೇಳಬಾರದು ಎಂದು ಕಾರ್ನ್‌ವಾಲಿಸ್ 1793ರಲ್ಲಿ ಬಂಗಾಳದಲ್ಲಿ ಒಂದು ಏರ್ಪಾಟು ಮಾಡಿದ್ದ. ಮದ್ರಾಸ್ ಸರ್ಕಾರವೂ ಆ ದಾರಿ ಹಿಡಿದಿತ್ತು. ಮನ್ರೋಗೆ ಇದು ಒಪ್ಪಿಗೆಯಾಗಲಿಲ್ಲ. ರೈತನಿಗೆ ನ್ಯಾಯ ಹತ್ತಿರದಲ್ಲಿ, ಬೇಗನೆ ಸಿಗಬೇಕೆಂಬುದು ಅವನ ವಾದ. ಮುಂದೆ ಅವನ ಮುಂದಾಳತ್ವದಲ್ಲೇ 1816ರ ಕಟ್ಟಳೆಗಳು ಬಂದವು. ಮ್ಯಾಜಿಸ್ಟ್ರೇಟ್ ಅಧಿಕಾರ, ಪೊಲೀಸು ಎರಡೂ ಜಿಲ್ಲಾ ಜಡ್ಜಿಯ ಕೈಬಿಟ್ಟು ಕಲೆಕ್ಟರನ ಕೈಸೇರಿದವು. ಊರ ಮುಖ್ಯಸ್ಥನೇ ಮುನಸೀಫನಾಗಿ 10 ರೂಪಾಯಿವರೆಗಿನ ವ್ಯಾಜ್ಯ ತೀರಿಸಬಹುದಾಯಿತು.

ಮನ್ರೋನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ದೂರದ ಕೋರ್ಟಿಗೆ ಅಲೆಯುವ ಕಷ್ಟ ಬಡವನಿಗೇ ಗೊತ್ತು. ಆದರೆ ವಸೂಲಿಗೆ ಬಂದವನೇ ಅನ್ಯಾಯ ಮಾಡಿದರೆ ದೂರು ಯಾರಿಗೆ ಕೊಡುವುದು? ಅವನಿಗೇ, ಇಲ್ಲವೇ ಅವನ ಮೇಲಿನ ಕಲೆಕ್ಟರಿಗೆ. ಅಧಿಕಾರಗಳನ್ನು ಬೇರ್ಪಡಿಸುವುದು ಏಕೆ ಎಂದು ಹನ್ನೆರಡು ವರ್ಷದ ಹುಡುಗಿಗೆ ತಿಳಿಸಲು ಈ ಒಂದು ಪ್ರಶ್ನೆ ಸಾಕು, ವ್ಯಾಖ್ಯಾನ ಬೇಕಾಗುವುದಿಲ್ಲ. ಕಾಂಗ್ರೆಸ್ ತನ್ನ ಮೊದಮೊದಲ ಅಧಿವೇಶನಗಳಿಂದಲೂ ಈ ಬೇರ್ಪಡೆಯನ್ನು ಕೇಳುತ್ತ ಬಂತು. ಸಂವಿಧಾನದ 50ನೇ ವಿಧಿ ಅದನ್ನು ರಾಜ್ಯದ ಹೊಣೆಯೆಂದಿತು. 1974ರ ಏಪ್ರಿಲ್ 1ರಂದು ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದಾಗ ವಿಚಾರಣೆ ನಡೆಸುವ ಮ್ಯಾಜಿಸ್ಟ್ರೇಟರು ಹೈಕೋರ್ಟಿನ ಅಧೀನಕ್ಕೆ ಬಂದರು. ತಾಲ್ಲೂಕು ಕಚೇರಿಯ ಫಲಕದಲ್ಲಿ ಇಂದಿಗೂ ‘ತಹಶೀಲ್ದಾರ್ ಮತ್ತು ತಾಲ್ಲೂಕು ದಂಡಾಧಿಕಾರಿ’ ಎಂದಿರುತ್ತದೆ. ಶಾಂತಿ ಕಾಪಾಡಲು ಬೇಕಾದ ಅಧಿಕಾರವಷ್ಟೇ ಅದರಲ್ಲಿ ಉಳಿದಿರುವುದು; ಕಳವಿನ ಕೇಸು ನಡೆಯುವುದು ಕೋರ್ಟಿನಲ್ಲಿ. ಮಕ್ಕಳನ್ನು ಆ ಫಲಕದ ಮುಂದೆ ನಿಲ್ಲಿಸಿ ಇದನ್ನು ಹೇಳಬೇಕು.

ಇನ್ನು 1953. ಆಗ ಈ ಸೀಮೆ ಮದ್ರಾಸ್ ರಾಜ್ಯದಲ್ಲಿತ್ತು; 1952ರ ಚುನಾವಣೆಯಲ್ಲಿ ಜನ ಆರಿಸಿದ್ದು ಮದ್ರಾಸ್ ವಿಧಾನಸಭೆಗೆ. ಆಂಧ್ರ ರಾಜ್ಯ ಮಾಡುವಾಗ ಬಳ್ಳಾರಿ ಜಿಲ್ಲೆಯನ್ನು ಹಂಚಬೇಕಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ಬಗ್ಗೆ ಜಗಳ ಬಗೆಹರಿಯದೆ ಕೇಂದ್ರ ಸರ್ಕಾರ ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ಆಯೋಗವನ್ನು ನೇಮಿಸಿತು. ತಾಲ್ಲೂಕು ಮೈಸೂರಿಗೆ ಸೇರಲಿ ಎಂದು ಅವರು ಶಿಫಾರಸು ಮಾಡಿದರು. ವರದಿ ಕೊಟ್ಟವರು ನ್ಯಾಯಮೂರ್ತಿಯಾದರೂ ಅದು ತೀರ್ಪಲ್ಲ, ಸರ್ಕಾರಕ್ಕೆ ಕೊಟ್ಟ ಸಲಹೆ. ಕೊನೆಗೆ ಗಡಿ ಗೆರೆ ಎಳೆದದ್ದು ಸಂಸತ್ತು ಮಾಡಿದ ಆಂಧ್ರ ರಾಜ್ಯ ಕಾಯ್ದೆ. ಅಕ್ಟೋಬರ್ 1ರಂದು ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮೈಸೂರು ರಾಜ್ಯಕ್ಕೆ ಬಂದವು. ಮದ್ರಾಸಿಗೆ ಆರಿಸಿ ಹೋಗಿದ್ದ ಇಲ್ಲಿನ ಶಾಸಕರು ಮರುಚುನಾವಣೆಯಿಲ್ಲದೆಯೇ ಮೈಸೂರು ವಿಧಾನಸಭೆಯ ಸದಸ್ಯರಾದರು.

ಮುಂದಿನ ಬದಲಾವಣೆಗಳ ರೀತಿಯೇ ಬೇರೆ. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯೊಳಗೆ ಬಂತು. ಕೂಡ್ಲಿಗಿಯಿಂದ ಬೇರೆಯಾಗಿ ಕೊಟ್ಟೂರು ತಾಲ್ಲೂಕಾಯಿತು. ಇದಾವುದಕ್ಕೂ ಸಂಸತ್ತು ಬೇಕಾಗಲಿಲ್ಲ. ಸಚಿವ ಸಂಪುಟದ ತೀರ್ಮಾನ, ಸರ್ಕಾರದ ಅಧಿಸೂಚನೆ ಸಾಕಾಯಿತು. ರಾಜ್ಯದ ಗಡಿ ಬದಲಿಸುವುದು ಸಂಸತ್ತಿನ ಕೆಲಸ, ಜಿಲ್ಲೆಯ ಗಡಿ ರಾಜ್ಯ ಸರ್ಕಾರದ್ದು. ಆದರೂ ಆ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟದ್ದು ಶಾಸಕಾಂಗ ಮಾಡಿದ 1964ರ ಕರ್ನಾಟಕ ಭೂಕಂದಾಯ ಕಾಯ್ದೆ. ಕಾನೂನು ಮೀರಿ ಅಧಿಸೂಚನೆ ಹೊರಟರೆ ಪ್ರಶ್ನಿಸಲು ಹೈಕೋರ್ಟಿದೆ.

ಈ ಓಡಾಟ ಬರೀ ಕಾಗದದ್ದಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂದಾಗ ಶಿಕ್ಷಣ, ಉದ್ಯೋಗದ ಮೀಸಲಾತಿ ಬಳ್ಳಾರಿ ಜಿಲ್ಲೆಗೆ ಸಿಕ್ಕಿತು. ಪಕ್ಕದ ಹಡಗಲಿಯ ಹುಡುಗನಿಗೆ ಸಿಕ್ಕ ಕಾಲೇಜು ಸೀಟಿನ ಅವಕಾಶ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯ ಹುಡುಗಿಗೆ ಸಿಗಲಿಲ್ಲ. ಜನ ಹೋರಾಡಿ ಬಳ್ಳಾರಿಗೆ ಮರಳಿದ್ದು ಅದಕ್ಕೇ. ಆ ಹೋರಾಟ ಕಂಡವರು ಮನೆಮನೆಯಲ್ಲೂ ಇದ್ದಾರೆ.

ಶಿಕ್ಷಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ಮೂರು ಅಂಗಗಳ ಪಾಠ ಶುರು ಮಾಡುವ ಹಿಂದಿನ ದಿನ, ಮನೆಯಲ್ಲಿರುವ ಹಳೆಯ ಪಹಣಿ, ರೇಷನ್ ಕಾರ್ಡು, ಅಂಕಪಟ್ಟಿ, ಯಾವುದಾದರೊಂದನ್ನು ನೋಡಿ ಅದರ ಮೇಲಿನ ಜಿಲ್ಲೆಯ ಹೆಸರು ಬರೆದುಕೊಂಡು ಬರಲು ಮಕ್ಕಳಿಗೆ ಹೇಳಿ. ಮರುದಿನ ಆ ಹೆಸರುಗಳನ್ನು ಕಪ್ಪು ಹಲಗೆಯ ಮೇಲೆ ಬರೆಸಿ, ಒಂದೊಂದರ ಮುಂದೆಯೂ ಅದನ್ನು ಬದಲಿಸಿದವರು ಯಾರು, ಯಾವ ಅಧಿಕಾರದಿಂದ ಬದಲಿಸಿದರು ಎಂಬುದನ್ನು ಅವರಿಂದಲೇ ಹುಡುಕಿಸಿ.