ಯೋಗ ತರಗತಿಗೆ ಮಳೆ ನಕ್ಷತ್ರದ ಲೆಕ್ಕ



ಸ್ವಾತಿ ಮಳೆಯ ದಿನಗಳಿವು. ನಾಲೆ ಬಯಲಿನಲ್ಲಿ ಭತ್ತ ಹೊಡೆ ಬಿಚ್ಚಿ ಕಾಳು ಕಟ್ಟುತ್ತಿದೆ. ಮೇಲಿನ ಹೊಲಗಳಲ್ಲಿ ರಾಗಿ ತೆನೆಗೆ ಬಂದಿದೆ. ಇಂಥ ಹೊತ್ತಿನಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳವರಾದ ನೀವು ಈ ಯೋಗ ಮೇಳವನ್ನು ಏರ್ಪಡಿಸಿದ್ದೀರಿ. ಯೋಗಾಭ್ಯಾಸವನ್ನು ಆರಂಭಿಸುವುದಕ್ಕೆ ವಸಂತ ಮತ್ತು ಶರತ್ಕಾಲಗಳೇ ತಕ್ಕ ಕಾಲ ಎಂದು ಘೇರಂಡ ಸಂಹಿತೆಯ ಐದನೆಯ ಅಧ್ಯಾಯ ಹೇಳುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಆಯ್ಕೆ ಸರಿಯಾಗಿಯೇ ಇದೆ. ಆದರೆ ಆರಂಭಕ್ಕೆ ಕಾಲ ನೋಡುವ ನಾವು ಮರುದಿನದಿಂದ ಕಾಲವನ್ನು ಮರೆತುಬಿಡುತ್ತೇವೆ. ಚೈತ್ರದ ಬಿಸಿಲಿನಲ್ಲೂ ಮಾಗಿಯ ಚಳಿಯಲ್ಲೂ ಅದೇ ಆಸನಗಳು, ಅದೇ ಎಣಿಕೆ, ಅದೇ ಮುಕ್ತಾಯ. ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವ ವಿಚಾರ ಒಂದೇ. ನಮ್ಮ ಸಾಮೂಹಿಕ ಯೋಗ ತರಗತಿ ಈ ನೆಲದ ಋತುವಿನ ಜೊತೆ ಬದಲಾಗಬೇಕು. ಪ್ರತಿ ತರಗತಿಯಲ್ಲೂ ತನ್ನನ್ನು ತಾನು ಗಮನಿಸಿಕೊಳ್ಳುವ ಐದು ನಿಮಿಷ ಇರಬೇಕು. ಇವೆರಡೂ ಸೇರಿದಾಗಲೇ ತರಗತಿ ಊರಿನದಾಗುತ್ತದೆ, ಊರಿನದಾದ ತರಗತಿಯೇ ಬಹುಕಾಲ ಬಾಳುತ್ತದೆ.

ಎಲ್ಲರಿಗೂ ಒಂದೇ ಪಟ್ಟಿ ಎಂಬ ಅಭ್ಯಾಸ ಎಲ್ಲಿಂದ ಬಂತೆಂದು ಮೊದಲು ನೋಡೋಣ. ವಿಶ್ವಸಂಸ್ಥೆಯ ಮಹಾಸಭೆ 2014ರ ಡಿಸೆಂಬರ್ 11ರಂದು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಘೋಷಿಸಿತು. 2015ರಿಂದ ಆ ದಿನ ಆಚರಣೆಯಲ್ಲಿದೆ. ಅದಕ್ಕಾಗಿ ಆಯುಷ್ ಸಚಿವಾಲಯ 45 ನಿಮಿಷಗಳ ಸಾಮಾನ್ಯ ಯೋಗ ಶಿಷ್ಟಾಚಾರವನ್ನು ರೂಪಿಸಿತು. ಲಕ್ಷಾಂತರ ಜನ ಒಂದೇ ಬೆಳಿಗ್ಗೆ ಒಟ್ಟಿಗೆ ಮಾಡಲು ಅಂಥದ್ದೊಂದು ಪಟ್ಟಿ ಬೇಕೇ ಬೇಕು. ಅದರಿಂದ ಯೋಗ ಹಳ್ಳಿಯ ಶಾಲೆಯ ಅಂಗಳಕ್ಕೂ ಬಂತು. ತೊಂದರೆ ಇರುವುದು ಒಂದು ದಿನಕ್ಕೆ ಮಾಡಿದ ಪಟ್ಟಿಯನ್ನು 365 ದಿನಕ್ಕೆ ಎಳೆಯುವಲ್ಲಿ. ನಮ್ಮ ಪಕ್ಕದ ಮೈಸೂರಿನಲ್ಲೇ ಬೇರೊಂದು ದಾರಿ ಇತ್ತು. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲೇ 1933ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಮರುವರ್ಷ, 1934ರಲ್ಲಿ, ಅವರ ‘ಯೋಗ ಮಕರಂದ’ ಬಂತು, ಅದೂ ಕನ್ನಡದಲ್ಲಿ. ಮನುಷ್ಯನಿಗೆ ತಕ್ಕಂತೆ ಯೋಗವನ್ನು ಹೊಂದಿಸಬೇಕು, ಯೋಗಕ್ಕೆ ತಕ್ಕಂತೆ ಮನುಷ್ಯನನ್ನು ಬಗ್ಗಿಸಬಾರದು ಎಂಬ ನಿಲುವನ್ನು ಅವರ ಮಗ ದೇಶಿಕಾಚಾರ್ ಜಗತ್ತಿಗೆಲ್ಲ ಸಾರಿದರು. ವಯಸ್ಸು, ಕಸುಬು, ಕಾಯಿಲೆ ನೋಡಿ ಹೊಂದಿಸಬಹುದಾದರೆ ಕಾಲ ನೋಡಿ ಹೊಂದಿಸುವುದಕ್ಕೆ ಅಡ್ಡಿಯೇನಿದೆ?

ಶಾಸ್ತ್ರದ ಆಧಾರವೂ ಗಟ್ಟಿಯಾಗಿದೆ. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯದ ಸೂತ್ರಸ್ಥಾನದಲ್ಲಿ ಮೂರನೆಯ ಅಧ್ಯಾಯ ಇಡಿಯಾಗಿ ಋತುಚರ್ಯೆಗೇ ಮೀಸಲು. ಅದಕ್ಕೂ ಮೊದಲ ಅಧ್ಯಾಯದಲ್ಲಿ ವ್ಯಾಯಾಮದ ಅಳತೆಯ ಮಾತು ಬರುತ್ತದೆ. ಚಳಿಗಾಲ ಮತ್ತು ವಸಂತದಲ್ಲಿ, ಅದೂ ಬಲವಾದ ಮೈಯಿದ್ದು ಜಿಡ್ಡಿನ ಊಟ ಮಾಡುವವರು, ತಮ್ಮ ಅರ್ಧ ಶಕ್ತಿಯಷ್ಟು ವ್ಯಾಯಾಮ ಮಾಡಬಹುದು. ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ. ಅರ್ಧ ಶಕ್ತಿ ಎಲ್ಲಿಗೆ ಮುಗಿಯಿತೆಂದು ತಿಳಿಯುವುದಕ್ಕೆ ಸುಶ್ರುತ ಸರಳವಾದ ಗುರುತು ಕೊಟ್ಟಿದ್ದಾನೆ: ಉಸಿರು ಬಾಯಿಯ ಕಡೆಗೆ ಬರಲು ಶುರುವಾದರೆ ಅಲ್ಲಿಗೆ ನಿಲ್ಲಿಸು ಎಂದು. ಯಾವ ಯಂತ್ರವೂ ಬೇಡದ ಈ ಅಳತೆಯನ್ನು ಏಪ್ರಿಲ್ ತಿಂಗಳ ತರಗತಿಯಲ್ಲಿ ಪಾಲಿಸಿದರೂ ಸಾಕು, ಬಿಸಿಲಿಗೆ ಸುಸ್ತಾಗಿ ತರಗತಿ ಬಿಡುವವರು ಉಳಿದುಕೊಳ್ಳುತ್ತಾರೆ. ಹಠಯೋಗ ಪ್ರದೀಪಿಕೆಯ ಪ್ರಾಣಾಯಾಮಗಳಲ್ಲೂ ಸೂರ್ಯಭೇದನ ಮೈಗೆ ಕಾವು ಕೊಡುವಂಥದ್ದು, ಶೀತಲಿ, ಸೀತ್ಕಾರಿಗಳು ತಂಪು ಕೊಡುವಂಥವು ಎಂಬ ವಿಂಗಡಣೆ ಪರಂಪರೆಯಲ್ಲಿದೆ. ಒಂದು ಋತುವಿನ ಕೊನೆಯ ಏಳು ದಿನ, ಮುಂದಿನದರ ಮೊದಲ ಏಳು ದಿನ ಸೇರಿದ್ದೇ ಋತುಸಂಧಿ. ಆಗ ಹಳೆಯ ಕ್ರಮವನ್ನು ಮೆಲ್ಲಗೆ ಬಿಟ್ಟು ಹೊಸದನ್ನು ಮೆಲ್ಲಗೆ ಹಿಡಿಯಬೇಕು ಎಂದೂ ವಾಗ್ಭಟ ಹೇಳುತ್ತಾನೆ. ಜನರ ಆಚರಣೆಯೂ ಇದಕ್ಕೆ ಹೊರತಲ್ಲ. ಮಾಘದ ಚಳಿಯಲ್ಲಿ ಬರುವ ರಥಸಪ್ತಮಿಗೆ ನಮ್ಮ ಯೋಗ ಬಳಗಗಳು ಸಾಮೂಹಿಕವಾಗಿ 108 ಸೂರ್ಯನಮಸ್ಕಾರ ಮಾಡುತ್ತವೆ. ಮೈ ಕಾಯಿಸುವ ಸಾಧನೆಗೆ ಕಾಲವೂ ಒಪ್ಪುವಂಥದ್ದನ್ನೇ ಜನ ಆರಿಸಿಕೊಂಡಿದ್ದಾರೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ವಸಂತ, ಗ್ರೀಷ್ಮ, ವರ್ಷ ಮೊದಲಾದ ಆರು ಋತುಗಳ ಲೆಕ್ಕ ಮಂಡ್ಯದ ಹವೆಗೆ ಹೊಂದುತ್ತದೆಯೇ ಎಂಬುದು. ನೇರವಾಗಿ ಹೊಂದುವುದಿಲ್ಲ ಎಂದು ಒಪ್ಪಿಕೊಳ್ಳೋಣ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಅದೂ ಮೇ ತಿಂಗಳಲ್ಲಿ ಒಮ್ಮೆ ಏರಿ, ಜೂನ್ ಜುಲೈನಲ್ಲಿ ಇಳಿದು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮತ್ತೆ ಏರುತ್ತದೆ. ಗ್ರಂಥದ ವರ್ಷ ಋತುವಿನಲ್ಲಿ ನಮ್ಮ ಆಕಾಶ ಎಷ್ಟೋ ಸಲ ಮೋಡ ಮಾತ್ರ ತೋರಿಸುತ್ತದೆ. ನೀರು ಬರುವುದು ಕೊಡಗಿನಲ್ಲಿ ಮಳೆಯಾಗಿ, ಕಟ್ಟೆ ತುಂಬಿ, ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟಾಗ. ಹಾಗಾಗಿ ಬೇರೆಲ್ಲೋ ಬರೆದ ಋತುಪಟ್ಟಿಯನ್ನು ತಂದು ಅಂಟಿಸುವುದು ಬೇಡ. ಈ ನೆಲದ ರೈತರ ಬಾಯಲ್ಲಿ ಅದಕ್ಕಿಂತ ಸೂಕ್ಷ್ಮವಾದ ಲೆಕ್ಕ ಆಗಲೇ ಇದೆ: ಮಳೆ ನಕ್ಷತ್ರದ ಲೆಕ್ಕ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವುದರ ಮೇಲೆ ನಿಂತ ಎಣಿಕೆ ಇದು. ಜಾತಕಕ್ಕೂ ಇದಕ್ಕೂ ಸಂಬಂಧವಿಲ್ಲ. ಸೂರ್ಯನ ಚಲನೆಯನ್ನು ಹಿಡಿದದ್ದರಿಂದಲೇ ಪ್ರತಿ ವರ್ಷವೂ ಹೆಚ್ಚುಕಡಿಮೆ ಅದೇ ತಾರೀಕಿಗೆ ಅದೇ ಮಳೆ ಹುಟ್ಟುತ್ತದೆ. ಯೋಗ ದಿನವಾದ ಜೂನ್ 21 ಕೂಡ ಮೃಗಶಿರ ಮುಗಿದು ಆರಿದ್ರಾ ಹುಟ್ಟುವ ಹೊತ್ತಿಗೇ ಬರುತ್ತದೆ. ಎರಡು ವಾರಕ್ಕೊಂದು ನಕ್ಷತ್ರ ಎಂದರೆ ಒಂದು ತರಗತಿಗೆ ಹೇಳಿ ಮಾಡಿಸಿದ ಅವಧಿ; ಒಂದು ವಿಷಯವನ್ನು ಹಿಡಿದು ಅಭ್ಯಾಸ ಮಾಡಲು ಸಾಲುತ್ತದೆ, ಬೇಸರ ಬರುವ ಮೊದಲೇ ಬದಲಾಗುತ್ತದೆ.

ಈ ಲೆಕ್ಕ ಹಿಡಿದರೆ ತರಗತಿಗೆ ದುಡಿಮೆಯ ನೆನಪೂ ಬರುತ್ತದೆ. ‘ನಮ್ಮ ಹೆಣ್ಣುಮಕ್ಕಳು ದಿನವೆಲ್ಲ ಗದ್ದೆಯಲ್ಲಿ ಬಗ್ಗಿ ಏಳುತ್ತಾರೆ, ಅವರಿಗೆ ಯೋಗ ಯಾಕೆ’ ಎನ್ನುವವರಿಗೆ ಉತ್ತರವೂ ಇಲ್ಲೇ ಇದೆ. ಪುಷ್ಯ, ಆಶ್ಲೇಷ, ಮಖೆ ಮಳೆಗಳ ಹೊತ್ತಿನ ನಾಟಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಟ್ಲಿನಿಂದ ಕಿತ್ತ ಪೈರಿನ ಕಟ್ಟು ಎಡಗೈಯಲ್ಲಿ. ಬಲಗೈ ಬೆರಳುಗಳು ಎರಡು ಮೂರು ಎಸಳನ್ನು ಬಿಡಿಸಿ ಕೆಸರಿಗೆ ಒತ್ತುತ್ತಿರುತ್ತವೆ. ಮೊಣಕಾಲು ಹೆಚ್ಚು ಮಡಿಯದೆ ಸೊಂಟವೇ ಪೂರ್ತಿ ಬಗ್ಗಿ, ಮುಖ ನೀರಿಗೆ ಬಾಗಿ, ಹೆಜ್ಜೆ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಆ ಬೆನ್ನು ಒಂದೇ ಕಡೆಗೆ ಬಾಗಿರುತ್ತದೆ. ಅಂಥ ಮೈಯನ್ನು ಸಂಜೆಯ ತರಗತಿಯಲ್ಲಿ ಮತ್ತೆ ಪಾದಹಸ್ತಾಸನಕ್ಕೆ ಬಗ್ಗಿಸಿದರೆ ಅದು ನೋವಿನ ಮೇಲೆ ನೋವು. ನಾಟಿಯ ಆ ವಾರಗಳಲ್ಲಿ ಮಕರಾಸನ, ಮೆಲ್ಲನೆಯ ಭುಜಂಗಾಸನ, ಸೇತುಬಂಧ, ಗೋಡೆಗೆ ಕಾಲು ಒರಗಿಸಿ ಮಲಗುವುದು, ದೀರ್ಘ ಉಸಿರಾಟ ಇಷ್ಟೇ ಇರಲಿ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಬಹುಕಾಲದ ಸೊಂಟನೋವಿಗೆ ಮಾತ್ರೆಗೆ ಮೊದಲು ಪ್ರಯತ್ನಿಸಬೇಕಾದ ಉಪಾಯಗಳಲ್ಲಿ ಯೋಗವನ್ನೂ ಧ್ಯಾನಪೂರ್ವಕ ಅಭ್ಯಾಸವನ್ನೂ ಸೇರಿಸಿದೆ. ಕಬ್ಬು ಕಡಿಯುವ ದಿನಗಳಲ್ಲಿ ಭುಜ ಮತ್ತು ಮಣಿಕಟ್ಟು, ಕೊಯ್ಲಿನಲ್ಲಿ ಮೊಣಕಾಲು, ಕೆಲಸವಿಲ್ಲದ ಬೇಸಿಗೆಯಲ್ಲಿ ನಿದ್ದೆ ಮತ್ತು ಜೀರ್ಣ, ಹೀಗೆ ಯಾವ ಮಳೆಗೆ ಮೈಯ ಯಾವ ಭಾಗ ಸೋಲುತ್ತದೆ ಎಂಬುದನ್ನು ಶಿಕ್ಷಕರಿಗಿಂತ ಚೆನ್ನಾಗಿ ಹೇಳಬಲ್ಲವರು ಚಾಪೆಯ ಮೇಲೆ ಕೂತವರೇ. ಅವರನ್ನು ಕೇಳಿ ಪಾಠ ಕಟ್ಟಬೇಕು.

ಕೇಳಬೇಕು ಎಂದೊಡನೆ ಅವಲೋಕನದ ಮಾತು ಬರುತ್ತದೆ. ಪತಂಜಲಿಯ ಎಂಟು ಅಂಗಗಳಲ್ಲಿ ಆಸನ ಒಂದು ಮಾತ್ರ. ನೂರ ತೊಂಬತ್ತಕ್ಕೂ ಮೀರಿದ ಸೂತ್ರಗಳಲ್ಲಿ ಆಸನಕ್ಕೆ ಸಿಕ್ಕಿರುವುದು ಮೂರು. ತನ್ನನ್ನು ತಾನು ಅರಿಯುವ ಸ್ವಾಧ್ಯಾಯ ನಿಯಮಗಳಲ್ಲೇ ಇದೆ. ಆದರೆ ಧ್ಯಾನದ ಹೆಸರಿನಲ್ಲಿ ಅತಿಯಾದ ಭರವಸೆ ಕೊಡುವುದು ಬೇಡ. ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾ ಇಂಟರ್ನಲ್ ಮೆಡಿಸಿನ್‌ನಲ್ಲಿ 2014ರಲ್ಲಿ ಬಂದ ವಿಮರ್ಶೆ 47 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಆತಂಕ, ಖಿನ್ನತೆ, ನೋವುಗಳಿಗೆ ಧ್ಯಾನದಿಂದ ಒಂದಿಷ್ಟು ಗುಣವಿದೆ, ಆದರೆ ವ್ಯಾಯಾಮಕ್ಕಿಂತಲೋ ಔಷಧಕ್ಕಿಂತಲೋ ಅದು ಮೇಲು ಎನ್ನಲು ಆಧಾರವಿಲ್ಲ ಎಂದಿತು. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಂತೂ, ಎಲ್ಲರಿಗೂ ಒಂದೇ ರೀತಿಯಲ್ಲಿ ಕಲಿಸಿದ ಧ್ಯಾನಪಾಠ ಸಾಮಾನ್ಯ ಪಾಠಕ್ಕಿಂತ ಹೆಚ್ಚಿನ ಫಲ ಕೊಡಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅದನ್ನು ಅಭ್ಯಾಸ ಮಾಡಲೇ ಇಲ್ಲ. ಇದನ್ನು ಕೆಲವರು ಧ್ಯಾನದ ಸೋಲು ಎನ್ನುತ್ತಾರೆ. ನನಗೆ ಕಾಣುವುದು ಬೇರೆ: ಬದುಕಿನ ಜೊತೆ ನಂಟಿಲ್ಲದ ಅವಲೋಕನ ಯಾರ ಮನಸ್ಸಿಗೂ ಹತ್ತುವುದಿಲ್ಲ. ‘ನಿಮ್ಮ ಅಂತರಂಗಕ್ಕೆ ಇಳಿಯಿರಿ’ ಎಂದರೆ ದಣಿದ ಮನುಷ್ಯ ಎಲ್ಲಿಗೆ ಇಳಿಯಬೇಕು? ಶವಾಸನ ಮುಗಿದು ಎದ್ದು ಕೂತ ಮೇಲೆ ಒಂದೇ ಪ್ರಶ್ನೆ ಕೇಳಿ, ಅದು ಆ ಮಳೆಯದ್ದಾಗಿರಲಿ. ಬರುವ ದಾರಿಯಲ್ಲಿ ನಾಲೆಯಲ್ಲಿ ನೀರಿತ್ತೇ? ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು? ಈ ವಾರ ಮೈಯ ಯಾವ ಜಾಗ ಬಿಗಿದಿದೆ? ಯಾವ ಮಾತಿಗೆ ಉಸಿರು ಕಟ್ಟಿದಂತಾಯಿತು? ಹೊರಗಿನಿಂದ ಶುರುವಾದ ನೋಟ ತಾನಾಗಿ ಒಳಗೆ ತಿರುಗುತ್ತದೆ. ಯಾರೂ ಬಾಯಿ ಬಿಟ್ಟು ಹೇಳಬೇಕೆಂಬ ಒತ್ತಾಯ ಬೇಡ. ಹೇಳಿದವರ ಮಾತಿಗೆ ಯಾರೂ ಬುದ್ಧಿ ಹೇಳುವುದೂ ಬೇಡ.

ಇನ್ನೆರಡು ಆಕ್ಷೇಪಗಳಿವೆ. ಋತು ಎಂದರೆ ಹಬ್ಬ, ಹಬ್ಬ ಎಂದರೆ ಧರ್ಮ, ಆಗ ಬೇರೆ ಮತದವರು ತರಗತಿಯಿಂದ ದೂರವಾಗುವುದಿಲ್ಲವೇ ಎಂಬುದು ಮೊದಲನೆಯದು. ಈ ಎಚ್ಚರ ನಮಗೆ ಬೇಕು. ಆದರೆ ಮಳೆ ಯಾರ ಮತವನ್ನೂ ಕೇಳಿ ಸುರಿಯುವುದಿಲ್ಲ. ಆರಿದ್ರಾ, ಉತ್ತರೆ ಎಂಬ ಹೆಸರುಗಳನ್ನು ಹೊಲ ಮಾಡುವವರೆಲ್ಲರೂ ಬಳಸುತ್ತಾರೆ. ತರಗತಿಯಲ್ಲಿ ಪೂಜೆಯ ಬದಲು ಬೆಳೆ, ಬಿಸಿಲು, ನೀರು, ಉಸಿರು ವಿಷಯವಾದರೆ ಬಾಗಿಲು ಎಲ್ಲರಿಗೂ ತೆರೆದೇ ಇರುತ್ತದೆ. ಎರಡನೆಯ ಆಕ್ಷೇಪ ಇನ್ನೂ ಕಠಿಣವಾದದ್ದು. ಬೆಳೆಗೆ ಬೆಲೆ ಇಲ್ಲದ, ಕೊನೆಯ ಭಾಗದ ಜಮೀನಿಗೆ ನಾಲೆ ನೀರು ತಲುಪದ ರೈತನಿಗೆ ಧ್ಯಾನ ಮಾಡು ಎನ್ನುವುದು ಕ್ರೌರ್ಯವಲ್ಲವೇ? 2015ರಲ್ಲಿ ಈ ಜಿಲ್ಲೆಯ ಕಬ್ಬು ಬೆಳೆಗಾರರ ಮನೆಗಳಲ್ಲಿ ನಡೆದ ಸಾವುಗಳನ್ನು ನಾವ್ಯಾರೂ ಮರೆತಿಲ್ಲ. ನೀರು, ಬೆಲೆ, ಸಾಲದ ಪ್ರಶ್ನೆಗೆ ಯೋಗ ಉತ್ತರವಲ್ಲ, ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ಆ ಹೋರಾಟಗಳು ಅವುಗಳ ಜಾಗದಲ್ಲಿ ನಡೆಯಲೇಬೇಕು. ತರಗತಿಯಿಂದ ಆಗಬಹುದಾದದ್ದು ಬೇರೆ. ವಾರಕ್ಕೆ ಮೂರು ಸಲ ಸೇರುವ ಇಪ್ಪತ್ತು ಜನರಲ್ಲಿ ಒಬ್ಬರು ಎರಡು ವಾರದಿಂದ ನಿದ್ದೆ ಮಾಡಿಲ್ಲ ಎಂದರೆ, ಅಥವಾ ಹೇಳದೆ ತರಗತಿಗೆ ಬರುವುದನ್ನೇ ನಿಲ್ಲಿಸಿದರೆ, ಉಳಿದ ಹತ್ತೊಂಬತ್ತು ಜನಕ್ಕೆ ಅದು ಗೊತ್ತಾಗುತ್ತದೆ. ಯಾರೋ ಮನೆಗೆ ಹೋಗಿ ವಿಚಾರಿಸುತ್ತಾರೆ, ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಗಮನಿಸುವ ಅಭ್ಯಾಸದ ಮೊದಲ ಫಲ ಇದು.

ಋತುಗಳೇ ದಾರಿ ತಪ್ಪಿರುವ ಕಾಲದಲ್ಲಿ ಋತುವಿನ ಪಾಠ ಯಾಕೆ ಎಂದೂ ಕೇಳಬಹುದು. 2023ರಲ್ಲಿ ಕೃಷ್ಣರಾಜಸಾಗರ, ಅಂದರೆ ನಮ್ಮ ಕನ್ನಂಬಾಡಿ ಕಟ್ಟೆ, ತುಂಬಲೇ ಇಲ್ಲ. 2025ರಲ್ಲಿ ಜೂನ್ ಮುಗಿಯುವುದರೊಳಗೇ ನೀರು ಪೂರ್ಣ ಮಟ್ಟವಾದ 124.80 ಅಡಿಯ ಹತ್ತಿರ ಬಂದು ಬಾಗಿನ ಅರ್ಪಣೆಯಾಯಿತು. ಇಂಥ ಏರಿಳಿತವನ್ನು ನೋಡದೆ ಬದುಕುವವರಿಗಿಂತ ನೋಡುತ್ತಾ ಬದುಕುವವರು ಹೆಚ್ಚು ಸಿದ್ಧರಾಗಿರುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ತಲೆಮಾರುಗಳಿಂದ ಹೀಗೆ ನೋಡಿಕೊಂಡು ಬಂದಿದ್ದಾರೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಮರಗಳಿಗೆ ಬಂದು ಗೂಡು ಕಟ್ಟುವುದು, ಮರಿ ಮಾಡುವುದು, ಹಾರಿಹೋಗುವುದು ಅವರಿಗೆ ಕಾಲದ ಗುರುತು. ಹಿಕ್ಕೆ ಹೊಲಕ್ಕೆ ಗೊಬ್ಬರ. ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದದ್ದು ಆ ಗಮನಕ್ಕೆ ಸಂದ ಮನ್ನಣೆ. ಮಳವಳ್ಳಿಯವರಿಗೆ ಗಗನಚುಕ್ಕಿ ಜಲಪಾತದ ಭೋರ್ಗರೆತವೇ ಮೇಲೆ ಕಟ್ಟೆಗಳಿಂದ ನೀರು ಬಿಟ್ಟಿರುವ ಸುದ್ದಿ. ಇಂಥ ಗಮನ ನಮ್ಮಲ್ಲಿ ಇದ್ದೇ ಇದೆ. ಅದನ್ನು ಚಾಪೆಯ ಮೇಲೂ ತರುವುದಷ್ಟೇ ಬಾಕಿ.

ಆದ್ದರಿಂದ ಈ ಮೇಳದಿಂದ ಒಂದು ಕೆಲಸವನ್ನು ಹೊತ್ತುಕೊಂಡು ಹೋಗಿ ಎಂದು ಕೇಳಿಕೊಳ್ಳುತ್ತೇನೆ. ಪ್ರತಿ ತರಗತಿಯೂ ಒಂದು ನೋಟ್‌ಬುಕ್ ಇಡಲಿ, ಮಳೆಗೊಂದು ಪುಟ. ಆ ಎರಡು ವಾರ ಹೊಲದಲ್ಲಿ ಏನು ಕೆಲಸ ನಡೆಯಿತು, ಜನರ ಮೈ ಎಲ್ಲಿ ನೋಯಿತು, ಯಾವ ಆಸನ ಹಿಡಿಸಿತು, ಯಾವುದನ್ನು ಬಿಡಬೇಕಾಯಿತು, ಯಾವ ಪ್ರಶ್ನೆಗೆ ಜನ ಮಾತಾಡಿದರು, ಎಷ್ಟು ಜನ ಉಳಿದರು ಎಂದು ಬರೆಯಿರಿ. ವಿಫಲವಾದದ್ದನ್ನೂ ಬಿಡದೆ ಬರೆಯಿರಿ. ಇಪ್ಪತ್ತೇಳು ನಕ್ಷತ್ರ ತಿರುಗಿ ವರ್ಷವಾದ ಮೇಲೆ ಮೂರೂ ತಾಲ್ಲೂಕುಗಳ ಪುಸ್ತಕಗಳನ್ನು ಒಂದೆಡೆ ಹರಡಿ ನೋಡಿದರೆ, ಮಂಡ್ಯದ ನೆಲಕ್ಕೆ, ಮಂಡ್ಯದ ದುಡಿಮೆಗೆ ಹೊಂದುವ ಯೋಗದ ಕ್ರಮ ನಮ್ಮ ಕೈಯಲ್ಲೇ ಇರುತ್ತದೆ. ನನ್ನ ವಾದದಲ್ಲಿ ತಪ್ಪಿದ್ದರೂ ಆ ಪುಟಗಳೇ ತೋರಿಸಿಕೊಡುತ್ತವೆ. ಸ್ವಾತಿಯ ಪುಟವನ್ನು ಇವತ್ತೇ ಶುರುಮಾಡಿ. ಆ ಹಾರೈಕೆಯೊಂದಿಗೆ, ಸಂತೋಷದಿಂದ ಈ ಮೇಳವನ್ನು ಉದ್ಘಾಟಿಸುತ್ತಿದ್ದೇನೆ.