ನೀರು ನಿಲ್ಲುವ ನೆಲ



ಸೊಲ್ಲಾಪುರಕ್ಕೆ ಬಂದವರು ಸಿದ್ಧೇಶ್ವರನ ಗುಡಿ ನೋಡದೆ ಮರಳುವುದಿಲ್ಲ. ಸುತ್ತ ಕೆರೆ, ನಡುವೆ ಗುಡಿ. ಊರಿಗೆ ಇನ್ನೂ ಸೊನ್ನಲಿಗೆ ಎಂಬ ಹೆಸರಿದ್ದ ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮ ಜನರನ್ನು ಕೂಡಿಸಿ ತೋಡಿಸಿದ ಕೆರೆ ಅದು. ರಾಘವಾಂಕ ಕವಿ ‘ಸಿದ್ಧರಾಮ ಚಾರಿತ್ರ’ದಲ್ಲಿ ಅವನ ಬಾಳನ್ನು ಹಾಡಿದ್ದಾನೆ. ಮಣ್ಣಿನ ಕಾಯಕದ ಭೋವಿ ಸಮಾಜ ಇಂದಿಗೂ ಅವನನ್ನು ಗುರುವೆಂದು ನಂಬುತ್ತದೆ. ಸಂಕ್ರಾಂತಿ ಜಾತ್ರೆಯಲ್ಲಿ ಆ ದಂಡೆಯ ಮೇಲೆ ನಿಂತಾಗಲೆಲ್ಲ ನನ್ನನ್ನು ಒಂದೇ ಪ್ರಶ್ನೆ ಕಾಡುತ್ತದೆ. ಸಿಮೆಂಟು ಇರಲಿಲ್ಲ, ಪ್ಲಾಸ್ಟಿಕ್ ಇರಲಿಲ್ಲ. ಆ ತಳ ನೀರನ್ನು ಹೇಗೆ ಹಿಡಿಯಿತು?

ಈ ಪ್ರಶ್ನೆ ಹುಟ್ಟಿದ್ದು ಅಕ್ಕಲಕೋಟೆಯ ನಮ್ಮ ಹಿತ್ತಲಲ್ಲಿ. ತಾವರೆಗೂ ನಾಲ್ಕು ಮೀನಿಗೂ ಆಗಲೆಂದು 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳದ ಹೊಂಡ ತೋಡಿಸಿ ಸಿಮೆಂಟಿನ ಗಿಲಾವು ಮಾಡಿಸಿದ್ದೆ. ಮಳೆಗಾಲ ಚೆನ್ನಾಗಿಯೇ ಕಳೆಯಿತು. ಏಪ್ರಿಲ್‌ನಲ್ಲಿ ನೀರು ತಳಕ್ಕಿಳಿದು ಹೋಯಿತು. ಬಗ್ಗಿ ನೋಡಿದರೆ ಮೂಲೆಯಿಂದ ಮೂಲೆಗೆ ಒಂದು ಬಿರುಕು, ಸೀಸದಕಡ್ಡಿ ಸಲೀಸಾಗಿ ತೂರುವಷ್ಟು. ಓಣಿಯಲ್ಲಿ ವಯಸ್ಸಾದ ಗೌಂಡಿ ಕಾಕಾ ಒಬ್ಬರಿದ್ದರು. ಅವರು ಬಂದು ಕುಕ್ಕರಗಾಲಲ್ಲಿ ಕುಳಿತು ಬಿರುಕಿನ ಮೇಲೆ ಬೆರಳಾಡಿಸಿದರು. “ಮಾಸ್ತರ, ಎರಿ ಮಣ್ಣು ಬ್ಯಾಸಗ್ಯಾಗ ಬಾಯಿ ತೆಗೀತದ, ಮಳಿಗಾಲದಾಗ ಮುಚ್ಚತದ. ಅದರ ಮ್ಯಾಲ ಸಿಮಿಟಿ ಹೆಂಗ ನಿಂತೀತು?” ಎಂದರು.

ನಮ್ಮ ಸೀಮೆಯ ನೆಲದ ಗುಟ್ಟು ಅಷ್ಟೇ. ಮೇಲೆ ಎರೆ, ಕೆಳಗೆ ಮೊರಂ, ಅದರಡಿ ಕರಿಕಲ್ಲು. ಎರೆಯಲ್ಲಿರುವ ಜೇಡಿಯ ಹೆಸರು ಮಾಂಟ್‌ಮೊರಿಲೊನೈಟ್. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಈ ಜಿಲ್ಲೆಯಲ್ಲಿ ಇದು ಪ್ರತಿ ವರ್ಷದ ಕಥೆ. ಆದರೆ ಇದೇ ಎರೆ ಸದಾ ತೇವದಲ್ಲಿದ್ದರೆ ಉಬ್ಬಿಕೊಂಡೇ ಇದ್ದು ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ವರ್ಷ ವರ್ಷವೂ ನಯವಾದ ಹೂಳು ಕೂತರೆ ತಳ ಇನ್ನಷ್ಟು ಬಿಗಿಯಾಗುತ್ತದೆ. ನಮ್ಮ ನಾಡಿನ ಹಳೆಯ ಕೆರೆಗಳಿಗೆಲ್ಲ ನೀರೇ ತಂದು ಹಾಸಿದ ಹಾಸು ಅದು. ಹೊಸ ಕೆರೆಗೆ ಅಷ್ಟು ಕಾಯುವ ತಾಳ್ಮೆ ಇಲ್ಲದಿದ್ದಲ್ಲಿ ಹಸಿ ಜೇಡಿ ಹರವಿ ಎತ್ತುಗಳಿಂದ ತುಳಿಸುತ್ತಿದ್ದರು. ಗೊರಸು ಒತ್ತಿದಂತೆಲ್ಲ ಒಳಗಿನ ಗಾಳಿ ಹೊರಬಿದ್ದು ಮಣ್ಣು ಗಟ್ಟಿಯಾಗುತ್ತಿತ್ತು.

ಇನ್ನೊಂದು ಜಾಣ್ಮೆ ನಮ್ಮ ತಲೆಯ ಮೇಲೆಯೇ ಇತ್ತು. ಈ ಭಾಗದ ಹಳೆಯ ಮಾಳಿಗೆ ಮನೆಗಳ ಮಣ್ಣಿನ ಛಾವಣಿಯನ್ನು ನೆನಪಿಸಿಕೊಳ್ಳಿ. ಅದರ ಮೇಲೆ ಹಾಕುತ್ತಿದ್ದದ್ದು ಎರೆಯಲ್ಲ, ಬಿಳಿಮಣ್ಣು. ಅದರಲ್ಲಿ ಸೋಡಿಯಂ ಉಪ್ಪಿನ ಅಂಶ ಹೆಚ್ಚು. ಆ ಉಪ್ಪು ಜೇಡಿಯ ಗಂಟುಗಳನ್ನು ಪುಡಿಪುಡಿಯಾಗಿ ಬಿಡಿಸುತ್ತದೆ. ಬಿಡಿಸಿದ ಕಣ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತು ನೀರಿನ ದಾರಿ ಕಟ್ಟುತ್ತದೆ. ಇಂದು ಇಂಜಿನಿಯರುಗಳು ಸೋರುವ ಕೆರೆಯ ಜೇಡಿಗೆ ಸೋಡಾ ಬೆರೆಸುವುದೂ ಇದೇ ತತ್ವದ ಮೇಲೆ. ಮಾಳಿಗೆ ಸೋರದಂತೆ ನೋಡಿಕೊಂಡ ನಮ್ಮ ಅಜ್ಜಿಯರಿಗೆ ಆ ತತ್ವ ಕೈಯಲ್ಲೇ ಇತ್ತು. ಅವರ ಈ ವಿದ್ಯೆಯನ್ನು ಮಾಳಿಗೆಗಳ ಜೊತೆಗೆ ಕೆಡವಿಬಿಟ್ಟೆವು ಎಂಬ ಸಂಕಟ ನನಗಿದೆ.

ಮಣ್ಣಿನ ನಂತರ ಗಚ್ಚು. ಅಕ್ಕಲಕೋಟೆಯ ಕಡೆಗೆ ಹರಿದುಬರುವ ಬೋರಿ ಹೊಳೆಗೆ ಅದರ ಮೇಲ್ಭಾಗದ ನಳದುರ್ಗದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ ಕಲ್ಲಿನ ಒಡ್ಡು ಇದೆ. ಆ ಒಡ್ಡಿನ ಹೊಟ್ಟೆಯೊಳಗೇ ಕೋಣೆಗಳಿವೆ, ಪಾಣಿಮಹಲ್ ಎನ್ನುತ್ತಾರೆ. ಮಳೆಗಾಲದಲ್ಲಿ ನರ–ಮಾದಿ ಎಂಬ ಧಬಧಬೆಗಳು ಹೊರಗೆ ಧುಮ್ಮಿಕ್ಕುತ್ತಿದ್ದರೆ ಒಳಗೆ ಮನುಷ್ಯ ನಿಂತು ನೋಡಬಹುದು. ಕಲ್ಲಿನ ಸಂದು ಹಿಡಿದದ್ದು ಸುಣ್ಣದ ಗಾರೆ. ನಮ್ಮ ಎರೆಹೊಲದಲ್ಲಿ ಸಿಗುವ ಸುಣ್ಣದ ಹರಳನ್ನೇ ಸುಟ್ಟು, ಉಸುಕು ಕೂಡಿಸಿ, ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸುವುದು ಗಚ್ಚಿನ ಹಳೆಯ ಪದ್ಧತಿ. ಗಚ್ಚು ಸಿಮೆಂಟಿನಷ್ಟು ಬಿರುಸಲ್ಲ, ಸ್ವಲ್ಪ ಮಣಿಯುತ್ತದೆ. ಕೂದಲೆಳೆಯ ಬಿರುಕು ಬಿದ್ದರೆ ನೀರಿನಲ್ಲಿ ಕರಗಿದ ಸುಣ್ಣವೇ ಮತ್ತೆ ಅಲ್ಲಿ ಹರಳುಗಟ್ಟಿ ಮುಚ್ಚುತ್ತದೆ. ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕದ್ದು 1824ರಲ್ಲಿ. ಅದು ನಮ್ಮ ಓಣಿಗಳವರೆಗೆ ಬರುವಷ್ಟರಲ್ಲಿ ಗಾಣಗಳು ನಿಂತವು.

ಈಗಿನದು ಪ್ಲಾಸ್ಟಿಕ್ಕಿನ ಕಾಲ. ಮಹಾರಾಷ್ಟ್ರ ಸರಕಾರ 2016ರಲ್ಲಿ ಕೇಳಿದವರಿಗೆ ಕೃಷಿಹೊಂಡ ಕೊಡುವ ಯೋಜನೆ ತಂದಿತು. ಸೊಲ್ಲಾಪುರದ ದಾಳಿಂಬೆ ತೋಟಗಳ ನಡುವೆ ಹೊಳೆಯುವ, ಶೇತತಳೆ ಎಂದು ಕರೆಯುವ ಈ ಹೊಂಡಗಳ ತಳದಲ್ಲಿ ಹಾಸಿರುವುದು ಸಾಮಾನ್ಯವಾಗಿ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ದಪ್ಪದ ಹಾಳೆ. ಎರೆ ಅಲುಗಿದರೆ ಹಾಳೆಯೂ ಅದರೊಂದಿಗೆ ಅಲುಗುತ್ತದೆ, ಒಡೆಯುವುದಿಲ್ಲ. ಅದಕ್ಕಿರುವ ವೈರಿಗಳು ಬಿಸಿಲು, ಚೂಪುಗಲ್ಲು, ಇಲಿ.

ಹಿತ್ತಲಿಗೆ ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳುವವರಿಗೆ ಮೊದಲು ನಿಮ್ಮ ನೆಲ ಯಾವುದೆಂದು ನೋಡಿ ಎನ್ನುತ್ತೇನೆ. ಮೊರಂ ಗಟ್ಟಿಯಾಗಿ ಸಿಕ್ಕರೆ ಸಿಮೆಂಟು ನಿಲ್ಲುತ್ತದೆ. ಆದರೆ ಹೊಸ ಸಿಮೆಂಟಿನ ಕ್ಷಾರಕ್ಕೆ ಮೀನು ಸಾಯುತ್ತವೆ. ಹಲವು ಸಲ ನೀರು ತುಂಬಿ ಚೆಲ್ಲಿದ ಮೇಲೆಯೇ ಅವನ್ನು ಬಿಡಬೇಕು. ಹೊಂಡ ವರ್ಷವಿಡೀ ತುಂಬಿರುತ್ತದೆ ಎಂಬ ಭರವಸೆ ಇದ್ದರೆ ಎರೆಯನ್ನೇ ತುಳಿದು ಬಿಡಿ. ಬಿಳಿಮಣ್ಣಿನ ಉಪ್ಪು ತಾವರೆಗೆ ಒಗ್ಗದು, ಅದನ್ನು ಮಾಳಿಗೆಗೇ ಬಿಡಿ. ಬೇಸಿಗೆಯಲ್ಲಿ ನೀರಿಗೆ ಗ್ಯಾರಂಟಿ ಇಲ್ಲದ ಎರೆನೆಲಕ್ಕೆ ಹಾಳೆಯೇ ಸರಿ. ನಾನೂ ಕೊನೆಗೆ ಅದನ್ನೇ ಮಾಡಿದೆ.

ಹೊಂಡದ ಉದ್ದಕ್ಕೂ ಅಗಲಕ್ಕೂ ಆಳದ ಎರಡು ಪಟ್ಟನ್ನೂ ದಂಡೆಗೆ ಎರಡೂ ಕಡೆ ಒಂದೊಂದು ಅಡಿಯನ್ನೂ ಕೂಡಿಸಿ 16 ಅಡಿಗೆ 12 ಅಡಿಯ ಹಾಳೆ ತಂದೆ. ಬಿರಿದ ಗಿಲಾವು ಕಿತ್ತು, ಹರಳು ಆರಿಸಿ, ಉಸುಕು ಹರವಿದೆವು. ಕಾಕಾ ಮನೆಗೆ ಹೋಗಿ ಎರಡು ಹಳೆಯ ಸೊಲ್ಲಾಪುರಿ ಚಾದರ ತಂದು ಉಸುಕಿನ ಮೇಲೆ ಹಾಸಿದರು. ಅದರ ಮೇಲೆ ಹಾಳೆ, ಹಾಳೆಯ ಅಂಚಿನ ಮೇಲೆ ಬಿಸಿಲು ಬೀಳದಂತೆ ಶಹಾಬಾದಿ ಫರಸಿ. ನೀರು ತುಂಬಿದ ಸಂಜೆ ಒಂದು ಬಕೆಟ್ಟಿನಲ್ಲಿ ಅದೇ ಮಟ್ಟಕ್ಕೆ ನೀರು ಹಾಕಿ ಹೊಂಡದ ಪಕ್ಕದಲ್ಲಿಟ್ಟರು. ಆವಿಯಾಗುವುದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಹೊಂಡ ಹೆಚ್ಚು ಇಳಿದರೆ ಸೋರಿಕೆ ಎಂದು ತಿಳಿಯಬೇಕು. ಮೂರನೆಯ ದಿನ ಬೆಳಿಗ್ಗೆ ಕಾಕಾ ಬಂದು ಬಕೆಟ್ಟಿನಲ್ಲೊಮ್ಮೆ, ಹೊಂಡದಲ್ಲೊಮ್ಮೆ ಬೆರಳಿಟ್ಟು ಅಳೆದರು. ಎರಡೂ ಕಡೆ ಇಳಿದದ್ದು ಒಂದೇ ಬೆರಳು.